ಶನಿವಾರದ ಸಾಲು

ಅಧ್ಯಕ್ಷತೆ ವಹಿಸಿರುವ ಧರ್ಮಾಧ್ಯಕ್ಷರೇ, ವೇದಿಕೆ ತುಂಬಿರುವ ಹಿರಿಯರೇ, ನನ್ನನ್ನು ಸಾಗಹಾಕಲು ಇಷ್ಟೊಂದು ಉತ್ಸಾಹದಿಂದ ನೆರೆದಿರುವ ಸಭಿಕರೇ,

ಕಾರ್ಯದರ್ಶಿಗಳು ಐದೇ ನಿಮಿಷ ಎಂದಿದ್ದಾರೆ. ಮೂವತ್ತೊಂದು ವರ್ಷ ಭಾನುವಾರದ ನನ್ನ ಪ್ರವಚನ ಸಹಿಸಿದವರು, ಅನುಭವದಿಂದಲೇ ಹೇಳಿದ್ದಾರೆ.

ಒಂದು ಕಾಲಕ್ಕೆ ನಿಮ್ಮ ದೇಶದ ಫಾದರ್‌ಗಳು ಹಡಗು ಹತ್ತಿ ನಮ್ಮಲ್ಲಿಗೆ ಬರುತ್ತಿದ್ದರು. ನನ್ನ ಅಜ್ಜನಿಗೆ ದೀಕ್ಷಾಸ್ನಾನ ಕೊಟ್ಟವರು ಅಂಥವರೊಬ್ಬರು. ಕಾಲ ತಿರುಗಿತು. ನಿಮ್ಮ ಮಕ್ಕಳಲ್ಲಿ ಗುರುಗಳಾಗುವವರೇ ಇಲ್ಲವಾದಾಗ ನಮ್ಮನ್ನು ವಿಮಾನದಲ್ಲಿ ಕರೆಸಿಕೊಂಡಿರಿ. ಬಂದಿಳಿದಾಗ ನಿಮ್ಮ ಭಾಷೆ ನನಗೆಷ್ಟು ಗೊತ್ತಿತ್ತು? ಪೂಜೆಯ ಪ್ರಾರ್ಥನೆಗಳು ಬಾಯಿಪಾಠ. ಜೊತೆಗೆ ‘ಚೆನ್ನಾಗಿದ್ದೀರಾ’, ‘ಇನ್ನೂ ಸ್ವಲ್ಪ ಬಡಿಸಿ’. ಅಷ್ಟೇ.

ಆಗ ಧರ್ಮಾಧ್ಯಕ್ಷರ ಕಚೇರಿಯಿಂದ ಪ್ರಶ್ನೆ ಬಂತು: ‘ನಮ್ಮ ಭಾಷೆಯಲ್ಲಿ ಜನರ ಪಾಪನಿವೇದನೆ ಕೇಳಬಲ್ಲಿರಾ?’ ಹೂಂ ಎಂದುಬಿಟ್ಟೆ. ಏಕೆ? ವಾಪಸ್ ಕಳಿಸಿದರೆ ಅಮ್ಮನಿಗೆ ಹೇಗೆ ಮುಖ ತೋರಿಸಲಿ ಎಂಬ ಭಯ. ನನ್ನನ್ನು ಬೀಳ್ಕೊಡಲು ಆಕೆ ಇಡೀ ಬೀದಿಯನ್ನೇ ವಿಮಾನ ನಿಲ್ದಾಣಕ್ಕೆ ಕರೆತಂದಿದ್ದಳು.

ಇಡೀ ವರ್ಷ, ಪ್ರತಿ ಶನಿವಾರ ಸಂಜೆ, ಆ ಮರದ ಗೂಡಿನಲ್ಲಿ ಕೂತು ಜಾಲರಿಯಾಚೆ ನೀವು ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ಚಿಕ್ಕದಕ್ಕೂ ದೊಡ್ಡದಕ್ಕೂ ಒಂದೇ ಪ್ರಾಯಶ್ಚಿತ್ತ: ಮೂರು ಸಲ ‘ನಮೋ ಮರಿಯ’ ಪ್ರಾರ್ಥನೆ. ಹಾಗಿರುವಾಗ ಒಂದು ಸಂಜೆ ಒಬ್ಬ ಹೆಂಗಸು ಅರ್ಧ ಗಂಟೆ ಬಿಕ್ಕಿಬಿಕ್ಕಿ ಅತ್ತಳು. ಆಕೆಗೂ ಅದೇ ಮೂರು. ಎದ್ದು ಹೋದಳು. ಸಾಯಲು ಹೊರಟಿದ್ದಳೇ? ಕಾಪಾಡಿ ಎಂದಿದ್ದಳೇ? ಅಂದಿನಿಂದ ಯಾವ ಹೆಂಗಸಿನ ಶವಪೆಟ್ಟಿಗೆಯ ಮುಂದೆ ನಿಂತರೂ, ಇವಳೇ ಅವಳಿರಬಹುದೇ ಎಂದು ನಡುಗಿದ್ದೇನೆ.

ಹೋದ ಮಂಗಳವಾರ ಪುಸ್ತಕಗಳನ್ನು ಗಂಟು ಕಟ್ಟುತ್ತಿದ್ದಾಗ ಒಬ್ಬ ಅಜ್ಜಿ ಬಂದರು. ಯಾರೆಂದು ಹೇಳಲಾರೆ; ದಯವಿಟ್ಟು ಹಿಂದೆ ತಿರುಗಬೇಡಿ. ಇದನ್ನು ಸಭೆಯಲ್ಲಿ ಹೇಳಿ ಎಂದವರೂ ಅವರೇ.

‘ಫಾದರ್, ಮೊದಲನೇ ವರ್ಷ ಒಬ್ಬಳು ಅತ್ತಿದ್ದಳಲ್ಲ, ಅದು ನಾನೇ.’

ಕಟ್ಟುತ್ತಿದ್ದ ಹಗ್ಗ ಬಿಟ್ಟು ಎದ್ದೆ. ‘ತಾಯಿ, ಅವತ್ತು ನೀವು ಹೇಳಿದ್ದು ನನಗೆ ಒಂದಕ್ಷರ ತಿಳೀಲಿಲ್ಲ’ ಎಂದೆ.

‘ಗೊತ್ತಿತ್ತು ಕಣಪ್ಪ, ಅದಕ್ಕೇ ಬಂದಿದ್ದು! ಹನ್ನೊಂದು ವರ್ಷ ಹೊಟ್ಟೇಲಿ ಇಟ್ಕೊಂಡಿದ್ದೆ. ಹಳೇ ಫಾದರ್ ನಮ್ಮ ಯಜಮಾನರ ಜೊತೆ ಇಸ್ಪೀಟ್ ಆಡೋರು. ಅವರ ಹತ್ರ ಬಾಯಿ ಬಿಡೋಕಾಗುತ್ತಾ? ದೇವರಿಗೆ ಅರ್ಥ ಆಗುತ್ತೆ, ನಿಮಗೆ ಆಗಲ್ಲ. ಇನ್ನೇನು ಬೇಕು? ಅವತ್ತು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ. ನಾನೊಬ್ಬಳೇ ಅಂದ್ಕೊಂಡ್ರಾ? ಆ ವರ್ಷ ಸಾಲು ಬಾಗಿಲಾಚೆ ಹೋಗ್ತಿತ್ತಲ್ಲ, ಯಾಕೆ?’

ಸಭಿಕರೇ! ಎರಡನೇ ವರ್ಷ ನಿಮ್ಮ ಭಾಷೆ ಕಲಿತೆ, ಸಾಲು ಕರಗಿತು. ನನ್ನ ಭಕ್ತಿಯೇ ಸೋರಿಹೋಯಿತೆಂದು ಉಪವಾಸ ಬಿದ್ದಿದ್ದೆನಲ್ಲ! ಈಗ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿರುವವರೆಲ್ಲ ಆ ಸಾಲಿನವರೇ ತಾನೇ? ನಗಿ, ನಗಿ. ಆಕೆ ಬದುಕಿದ್ದಾರೆ, ಗಟ್ಟಿಯಾಗಿದ್ದಾರೆ, ನನ್ನನ್ನು ಬೈದಿದ್ದಾರೆ. ನನಗೆ ಹೋದ ಜೀವ ಬಂದಂತಾಗಿದೆ.

ನನ್ನ ಜಾಗಕ್ಕೆ ಮೊನ್ನೆ ಮತ್ತೊಂದು ದೇಶದಿಂದ ಬಂದಿಳಿದಿರುವ ಕಿರಿಯ ಗುರುಗಳು ಅಲ್ಲಿ ಮೊದಲ ಸಾಲಿನಲ್ಲಿದ್ದಾರೆ. ನನ್ನ ಒಂದು ಮಾತೂ ತಿಳಿಯದೆ ಎಷ್ಟು ಸೊಗಸಾಗಿ ತಲೆಯಾಡಿಸುತ್ತಿದ್ದಾರೆ ನೋಡಿ! ಅವರಿಗೆ ಭಾಷೆ ಕಲಿಸಲು ಅವಸರ ಮಾಡಬೇಡಿ. ಇವತ್ತು ನಿಮಗೂ ಹೇಳದೆ ಉಳಿಸಿಕೊಂಡ ಪಾಪ ನನ್ನಲ್ಲೊಂದಿದೆ. ಈ ಶನಿವಾರ ಸಂಜೆ ಅವರ ಗೂಡಿನ ಸಾಲಿನಲ್ಲಿ ಯಾರೂ ನನಗಿಂತ ಮುಂಚೆ ಹೋಗಿ ನಿಲ್ಲಬೇಡಿ.

ಎಲ್ಲರಿಗೂ ತುಂಬು ಹೃದಯದ ವಂದನೆ, ನಮಸ್ಕಾರ.