ಮುರಕದೂವಿನ ನೂರ ಹನ್ನೆರಡು ಮನೆಗಳು

...ಬೇಡ ಸಕೀನಾ, ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ, ಕೂತುಕೋ. ಓ... ಆಗಲೇ ಕೇಳಿದ್ದೀಯೆ. ಯಾರು, ವಾಫಿರನ ಹೆಂಡತಿಯೇ? ಮಧ್ಯಾಹ್ನದ ನಮಾಜು ಮುಗಿದು ಇನ್ನೂ ಗಳಿಗೆಯಾಗಿಲ್ಲ. ದ್ವೀಪದ ಕಚೇರಿಯ ಬಾಗಿಲಿಗೆ ಆ ಪ್ರಕಟಣೆಯನ್ನು ಅಂಟಿಸಿದವನು ನಾನು, ಬೆರಳಿನ ಅಂಟು ಆರಿಲ್ಲ. ಸುದ್ದಿ ಮಾತ್ರ ನನಗಿಂತ ಮುಂಚೆ ಹಿತಿಫುಶಿಯ ಓಣಿಗಳನ್ನೆಲ್ಲ ದಾಟಿ ನಮ್ಮ ಅಂಗಳಕ್ಕೆ ಬಂದು ಕೂತಿದೆ.

ಹೌದು, ನಿಜ. ನಿಮ್ಮ ಮುರಕದೂ ದ್ವೀಪವನ್ನು ಐವತ್ತು ವರ್ಷಗಳ ಮಟ್ಟಿಗೆ ಹೋಟೆಲಿನವರಿಗೆ ಗುತ್ತಿಗೆ ಕೊಟ್ಟಾಯಿತು. ಖಬರಸ್ತಾನದ ಸುತ್ತ ಬೇಲಿ ಹಾಕುತ್ತಾರಂತೆ. ಅರ್ಜಿ ಕೊಟ್ಟು ಅನುಮತಿ ಪಡೆದವರು ವರ್ಷಕ್ಕೊಮ್ಮೆ ಹೋಗಿ ಬರಬಹುದಂತೆ. ಅಷ್ಟು ಮಾತ್ರ ಬರೆದಿದೆ, ನಾನು ಎರಡು ಸಲ ಓದಿದೆ.

ಹೊಸೆ, ಹೊಸೆ. ಕೈ ನಿಲ್ಲಿಸಬೇಡ. ನೀನು ತೊಡೆಯ ಮೇಲೆ ನಾರು ಹೊಸೆಯುತ್ತಿದ್ದರೆ ನನಗೆ ಮಾತಾಡುವುದು ಸುಲಭ.

ಶಮ್ಮಾ ಅಲ್ಲಿ ಮಲಗಿದ್ದಾಳೆಂದು ನನಗೆ ಗೊತ್ತಿಲ್ಲವೇ? ಹನ್ನೊಂದು ವರ್ಷದ ಹಿಂದೆ ಕಡಲು ಎದ್ದು ಬಂದು ಆ ಊರಿನ ಮೇಲೆ ನಡೆದು ಹೋದಾಗ ನಿನ್ನ ಕೈಯಿಂದ ಜಾರಿದ ಮಗು. ನಾನು ಅವಳನ್ನು ಕಂಡವನಲ್ಲ; ಆಗ ನೀನು ಯಾರೋ, ನಾನು ಯಾರೋ. ಆದರೆ ಪ್ರತಿ ಹಬ್ಬದ ಮರುದಿನ ದೋಣಿಯಲ್ಲಿ ನಿನ್ನೊಡನೆ ಬಂದು, ಆ ದುಂಡುತಲೆಯ ಪುಟ್ಟ ಹವಳದ ಕಲ್ಲಿನ ಸುತ್ತ ಬಿಳಿಯ ಮರಳು ಹರಡುವಾಗ ಬುಟ್ಟಿ ಹಿಡಿದು ನಿಂತವನು ನಾನಲ್ಲವೇ? ಆರು ವರ್ಷ, ಒಂದು ಹಬ್ಬವನ್ನೂ ತಪ್ಪಿಸಲಿಲ್ಲ.

ಅದಕ್ಕೇಕೆ ಹಾಗೆ ನೋಡುತ್ತೀ? ಲೆಕ್ಕ ಹೇಳುತ್ತಿಲ್ಲ. ಸುಮ್ಮನೆ... ನೆನಪಿಗೆ ಬಂತು.

ವಾಫಿರ್ ಗೆದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ನಿನ್ನ ತಮ್ಮ ದೇಶದ ಶಾಸನಸಭೆಯಲ್ಲಿ, ಮಜ್ಲಿಸಿನಲ್ಲಿ ಕೂತು, "ಆ ದ್ವೀಪ ಖಾಲಿ ಇಲ್ಲ, ನಮ್ಮೋರು ಅಲ್ಲಿ ಮಲಗವ್ರೆ, ನಾವು ವಾಪಸ್ ಹೋಗ್ತೀವಿ" ಎಂದು ಒಂದೇ ಒಂದು ಸಲ ಎದ್ದು ಹೇಳಿದ್ದರೆ ಯಾವ ಹೋಟೆಲಿನವನು ಮುಟ್ಟುತ್ತಿದ್ದ? ಅರವತ್ತೊಂದು ಮತ. ಅರವತ್ತೊಂದು ಮತದಿಂದ ಸೋತ. ಅದಕ್ಕೆ ಯಾರನ್ನು ದೂರುವುದು? ನಿಯಮ ಹಾಗಿತ್ತು.

ನಕ್ಕೆಯಾ? ಇಲ್ಲವೇ... ನಕ್ಕ ಹಾಗಾಯಿತು. ನಾನು ಬಾಯಿ ತೆರೆದರೆ ಗೆಜೆಟ್ ಓದಿದ ಹಾಗಿರುತ್ತದೆ ಎಂದು ನೀನೇ ಹಾಸ್ಯ ಮಾಡುತ್ತಿದ್ದೆ. ಏನು ಮಾಡಲಿ, ಮೂವತ್ತೊಂದು ವರ್ಷ ಕಚೇರಿಯ ದಫ್ತರ ಬರೆದವನು. ಮಾತೂ ಬರೆದ ಹಾಗೆಯೇ ಬರುತ್ತದೆ.

ನಿಯಮವನ್ನು ಇನ್ನೊಮ್ಮೆ ಹೇಳುತ್ತೇನೆ, ಕೇಳು. ಈ ದೇಶ ಅಂಗೈಯಷ್ಟು. ಅದನ್ನೂ ಕ್ಷೇತ್ರಗಳಾಗಿ ಹಂಚಬೇಕು. ಸಣ್ಣ ದ್ವೀಪಗಳನ್ನು ಮೂರು ನಾಲ್ಕು ಸೇರಿಸಿ ಮಜ್ಲಿಸಿನ ಒಂದು ಸ್ಥಾನ ಮಾಡುತ್ತಾರೆ. ನಮ್ಮ ಹಿತಿಫುಶಿ ದೊಡ್ಡದಾಯಿತು, ಮುರಕದೂ ಬಿಟ್ಟು ನಿಮ್ಮವರು ಬಂದು ನೆಲೆಸಿದ ಮೇಲೆ ಇನ್ನೂ ದೊಡ್ಡದಾಯಿತು. ಆದ್ದರಿಂದ ಎರಡು ಸ್ಥಾನ. ಭೂಪಟದ ಮೇಲೆ ಗೆರೆ ಎಳೆಯುವ ಪದ್ಧತಿ ಇಲ್ಲಿಲ್ಲ. ಮನೆಗಳ ಹೆಸರಿನ ಪಟ್ಟಿ. ಇಂತಿಂಥ ಹೆಸರಿನ ಮನೆಗಳು ಈ ಸ್ಥಾನಕ್ಕೆ, ಇಂತಿಂಥವು ಆ ಸ್ಥಾನಕ್ಕೆ. ರಾಜಧಾನಿ ಮಾಲೆಯಿಂದ ಬಂದ ಆ ಕಪ್ಪು ಕನ್ನಡಕದ ಹುಡುಗ ಅಧಿಕಾರಿ ನಿನಗೆ ನೆನಪಿದ್ದಾನೆ, ನೀನು ಮೀನು ತೆಂಗಿನತುರಿ ಕಲಸಿ ಮಾಸ್‌ಹುನಿ ಬಡಿಸಿದೆಯಲ್ಲ, ಮೂರು ರೊಟ್ಟಿ ಹೆಚ್ಚಿಗೆ ತಿಂದ. ಅವನು ಹೇಳಿದ್ದು ಇಷ್ಟೇ: "ಮನೆ ಹೆಸರು ಸಾಲಾಗಿ ಬರ್ಕೊಡಿ ಸಾರ್. ನಾವು ಮೇಲಿಂದ ಎಣಿಸ್ಕೊಂಡು ಬರ್ತೀವಿ. ಎಲ್ಲಿ ಅರ್ಧ ಆಗುತ್ತೋ ಅಲ್ಲಿ ಕತ್ತರಿಸ್ತೀವಿ." ಯಾವ ಕ್ರಮದಲ್ಲಿ ಸಾಲು ಎಂದು ಅವನು ಹೇಳಲಿಲ್ಲ. ಅವನಿಗೆ ಸಂಜೆಯ ದೋಣಿಯ ಅವಸರ.

ಬರೆದುಕೊಟ್ಟೆ. ಜೆಟ್ಟಿಯಿಂದ ಹೊರಟು, ನಡುಬೀದಿಯ ಪೂರ್ವದ ಕಡೆಯ ಮನೆಗಳನ್ನೆಲ್ಲ ದಕ್ಷಿಣದ ತುದಿಯ ತನಕ ಬರೆದೆ. ತಿರುಗಿ ಬರುತ್ತಾ ಪಶ್ಚಿಮದ ಕಡೆಯವನ್ನು ಬರೆದೆ. ಅರ್ಧಕ್ಕೆ ಸರಿಯಾಗಿ ನಡುಬೀದಿಯೇ ಗಡಿಯಾಯಿತು. ನಿಮ್ಮವರಿಗೆ ಕಟ್ಟಿಕೊಟ್ಟ ಮನೆಗಳ ಏಳು ಸಾಲುಗಳು ನಡುಬೀದಿಯನ್ನು ಅಡ್ಡ ಹಾಯ್ದಿವೆ. ಅದು ನನ್ನ ತಪ್ಪೇ? ನೂರ ಹನ್ನೆರಡು ಮನೆಗಳಲ್ಲಿ ಐವತ್ತೆಂಟು ಪೂರ್ವಕ್ಕೆ ಹೋದವು, ಐವತ್ತನಾಲ್ಕು ಪಶ್ಚಿಮಕ್ಕೆ. ಪೂರ್ವದಲ್ಲಿ ನಿಂತ ವಾಫಿರನಿಗೆ ತನ್ನವರ ಅರ್ಧ ಮತ ಸಿಕ್ಕಿತು. ಪಶ್ಚಿಮದ ಐವತ್ತನಾಲ್ಕು ಮನೆಯವರು ಮುರಕದೂ ಯಾವ ದಿಕ್ಕಿಗಿದೆಯೆಂದು ತಿಳಿಯದವನಿಗೆ ಹಾಕಿ ಬಂದರು. ಎಲ್ಲರೂ ಒಂದೇ ಸ್ಥಾನದಲ್ಲಿದ್ದಿದ್ದರೆ... ಇರಲಿಲ್ಲ. ಅಷ್ಟೇ. ಎಣಿಕೆ ಹಾಗೆ ಬಂತು.

ಏನಾದರೂ ಕೇಳು. ಬೇರೆ ಹೆಂಗಸಾಗಿದ್ದರೆ ಇಷ್ಟು ಹೊತ್ತಿಗೆ ನೂರು ಪ್ರಶ್ನೆ ಕೇಳುತ್ತಿದ್ದಳು.

ಹದಿನಾಲ್ಕು ದಿನ ಆ ಪಟ್ಟಿ ಕಚೇರಿಯ ಹಲಗೆಯ ಮೇಲಿತ್ತು. ಯಾರು ಬೇಕಾದರೂ ತಕರಾರು ಕೊಡಬಹುದಿತ್ತು. ನಿಮ್ಮವರೆಲ್ಲ ಬಂದರು. ನಾನು ಕಿಟಕಿಯ ಒಳಗಿಂದ ನೋಡುತ್ತಿದ್ದೆ. ಮುದುಕಿಯರು ಮೊಮ್ಮಕ್ಕಳನ್ನು ಕರೆತಂದು, "ನಮ್ಮನೆ ಹೆಸರು ಎಲ್ಲೈತೆ, ಓದು" ಎನ್ನುತ್ತಿದ್ದರು. ಮಗು ಬೆರಳಿಟ್ಟು ತೋರಿಸಿದರೆ, ಆ ಅಕ್ಷರದ ಮೇಲೆ ತಾವೂ ಒಮ್ಮೆ ಬೆರಳಿಟ್ಟು, ಕಣ್ಣೊರೆಸಿಕೊಂಡು, ಹೋಗಿಬಿಡುತ್ತಿದ್ದರು. ಕಡಲು ಗೋಡೆಗಳನ್ನು ಒಯ್ದಿತು. ಹೆಸರನ್ನು ಮಾತ್ರ ಹೊತ್ತುಕೊಂಡು ಬಂದು ಇಲ್ಲಿನ ಹೊಸ ಗೋಡೆಗಳಿಗೆ ಇಟ್ಟವರು. ಸರಕಾರದ ಕಾಗದದಲ್ಲಿ ಆ ಹೆಸರು ಇದೆಯಲ್ಲ, ಅವರಿಗೆ ಅಷ್ಟೇ ಸಾಕಾಗಿತ್ತು. ಯಾವ ಸ್ಥಾನದ ಕೆಳಗೆ ಇದೆ ಎಂದು ತಲೆಯೆತ್ತಿ ಮೇಲಿನ ಸಾಲನ್ನು ಓದಿದವರು ಒಬ್ಬರೂ ಇಲ್ಲ. ಒಬ್ಬರೂ. ಹದಿನಾಲ್ಕು ದಿನ ನಾನು ಕಾದೆ, ಒಬ್ಬರಾದರೂ ಓದಲಿ ಎಂದು...

ಕಾದೆ ಎಂದೆನೇ? ಗಮನಿಸಿದೆ ಎನ್ನಬೇಕಿತ್ತು. ನಾಲಿಗೆ ತಪ್ಪಿತು.

ವಾಫಿರ್? ಅವನು ಆಗ ಮೀನಿನ ದೋಣಿಯಲ್ಲಿ ದಕ್ಷಿಣಕ್ಕೆ ಹೋಗಿದ್ದ. ದಡ ಸೇರಿದವನೇ ಫೋನು ಮಾಡಿದ. ಅವನು ನನ್ನನ್ನು ಭಾವ ಎಂದು ಒಮ್ಮೆಯೂ ಕರೆದವನಲ್ಲ. ಬೇಬೆ ಎನ್ನುತ್ತಿದ್ದ, ಒಡಹುಟ್ಟಿದ ಅಣ್ಣನನ್ನು ಕರೆಯುವ ಹಾಗೆ. "ಬೇಬೆ, ಪಟ್ಟಿ ಹಾಕವ್ರಂತೆ. ನಾನು ಬಂದು ನೋಡಬೇಕಾ, ಇಲ್ಲ ನೀವು ನೋಡಿದ್ರೆ ಸಾಕಾ?" ಎಂದು ಕೇಳಿದ. ನಾನು ಹೇಳಿದೆ...

ನೀರು ಕೊಡುತ್ತೀಯಾ? ಬೇಡ, ಏಳಬೇಡ. ನಾನೇ ತೆಗೆದುಕೊಳ್ಳುತ್ತೇನೆ. ಏಳಬೇಡ ಎಂದೆ.

ನಾನು ನೋಡಿದ್ದೇನೆ, ಸರಿಯಾಗಿದೆ, ನೀನು ಮೀನು ಹಿಡಿ ಎಂದೆ. ಅದರಲ್ಲಿ ಸುಳ್ಳೇನಿದೆ? ಪಟ್ಟಿ ಸರಿಯಾಗಿಯೇ ಇತ್ತು. ಒಂದು ಮನೆಯೂ ಬಿಟ್ಟುಹೋಗಿರಲಿಲ್ಲ. ನನ್ನ ಅಕ್ಷರದಲ್ಲಿ ಒಂದು ಕಾಟು ಇರಲಿಲ್ಲ.

ಈಗಲೂ ಕೇಳುವುದಿಲ್ಲ ನೀನು. ಬೀದಿಯ ಎರಡು ಮಗ್ಗುಲು ಹಿಡಿದು ಏಕೆ ಬರೆದಿರಿ, ಓಣಿಯ ಮೇಲೆ ಓಣಿ ಹಿಡಿದು ಏಕೆ ಬರೆಯಲಿಲ್ಲ ಎಂದು ಕೇಳಬಹುದಿತ್ತು. ಟಪಾಲಿನವನು ಹಾಗೆಯೇ ನಡೆಯುತ್ತಾನೆ. ಔಷಧಿ ಸಿಂಪಡಿಸುವವರೂ ಹಾಗೆಯೇ. ನಾನೂ ಮೂವತ್ತೊಂದು ವರ್ಷ ಎಲ್ಲ ಪಟ್ಟಿಗಳನ್ನೂ ಹಾಗೆಯೇ ಬರೆದವನು. ಉತ್ತರದಿಂದ ಒಂದೊಂದೇ ಓಣಿ. ಹಾಗೆ ಬರೆದಿದ್ದರೆ ಚೆಂಡಿನ ಮೈದಾನದ ಹತ್ತಿರ ಅರ್ಧವಾಗುತ್ತಿತ್ತು, ನಿಮ್ಮ ಏಳು ಸಾಲುಗಳೂ ಇಡಿಯಾಗಿ ದಕ್ಷಿಣದ ಸ್ಥಾನಕ್ಕೆ ಬೀಳುತ್ತಿದ್ದವು. ಇದು ನಿನಗೆ ಹೊಳೆಯದ ವಿಷಯವಲ್ಲ. ಹಾಗಿದ್ದೂ ಕೇಳುತ್ತಿಲ್ಲ ಎಂದರೆ...

ಎಷ್ಟು ದಿನದಿಂದ ಗೊತ್ತು ನಿನಗೆ?

ಸಕೀನಾ. ತಲೆಯೆತ್ತು. ಮತ ಎಣಿಕೆ ಮುಗಿದ ರಾತ್ರಿಯೇ ಗೊತ್ತಾಯಿತೇ? ಹದಿನೇಳು ತಿಂಗಳು ನನಗೆ ಅಡುಗೆ ಮಾಡಿ ಬಡಿಸಿದೆ, ನಾನಾಗಿ ಹೇಳಲಿ ಎಂದೇ?

...ಆಯಿತು. ಹೇಳುತ್ತೇನೆ. ಮೊದಲ ಪಟ್ಟಿಯನ್ನು ಓಣಿಯ ಮೇಲೆ ಓಣಿ ಹಿಡಿದೇ ಬರೆದಿದ್ದೆ. ಹನ್ನೆರಡು ಹಾಳೆ. ಅದನ್ನು ಕಂಕುಳಲ್ಲಿಟ್ಟುಕೊಂಡು ಊಟಕ್ಕೆ ಮನೆಗೆ ಬಂದೆ. ನೀನು ಇದೇ ಅಂಗಳದಲ್ಲಿ ವಾಫಿರನ ಹೆಂಡತಿಯೊಡನೆ ಕುಕ್ಕರಗಾಲಲ್ಲಿ ಕೂತು ಮರಳಿನ ಮೇಲೆ ಕಡ್ಡಿಯಿಂದ ಏನನ್ನೋ ಗೀಚುತ್ತಿದ್ದೆ. ಮುರಕದೂವಿನಲ್ಲಿ ಕಟ್ಟಬೇಕಾದ ಮನೆ. "ಇಲ್ಲಿ ಬಾವಿ. ಇಲ್ಲಿ ಒಲೆ. ಈ ಕಡೆ ನಿನ್ ಮಕ್ಳು ಮಲಗ್ಲಿ. ನಾನು ಇಲ್ಲಿ, ಕಿಟಕಿ ಹತ್ರ, ಶಮ್ಮಾ ಕಾಣ್ತಾಳೆ" ಎಂದೆ ನೀನು. ಅವಳು, "ಅಲ್ಲಿ ತುಂಬ ಗಾಳಿ ಅತ್ತಿಗೆ, ಕೆಮ್ಮು ಬರುತ್ತೆ" ಎಂದಳು. ನೀನು ನಕ್ಕೆ. ಈ ಮನೆಗೆ ಬಂದ ಮೇಲೆ ನೀನು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ, ಹಲ್ಲೆಲ್ಲ ಕಾಣುವ ಹಾಗೆ. ನಾನು ಹೊಸ್ತಿಲಲ್ಲಿ ನಿಂತು ಆ ನಕ್ಷೆಯನ್ನು ಪೂರಾ ನೋಡಿದೆ. ಗೋಡೆ ಗೋಡೆಯಾಗಿ ನೋಡಿದೆ. ನಾನು ಮಲಗುವುದು ಎಲ್ಲಿ ಎಂದು ಹುಡುಕಿದೆ.

ಕೇಳಬಹುದಿತ್ತು. ಒಂದು ಮಾತು, ನಾನೂ ಬರಲೇ ಎಂದು. ಐವತ್ತೆಂಟು ವರ್ಷದ ಗಂಡಸು, ಊರಿಗೆಲ್ಲ ಅರ್ಜಿ ಬರೆದುಕೊಡುವವನು, ಹೆಂಡತಿಯ ಮುಂದೆ ಒಂದು ವಾಕ್ಯ ಹೇಳಲಾರದೆ ಹೋದೆ. ಬರಬೇಡಿ ಎಂದು ನೀನು ಹೇಳಿಬಿಟ್ಟರೆ ಎಂದು ಹೆದರಿದೆ. ಕಡಲು ಎದ್ದ ಮೇಲೆ ನೀವೆಲ್ಲ ಇಲ್ಲಿ ಗುಡಿಸಲಿನಲ್ಲಿದ್ದ ದಿನಗಳಲ್ಲಿ ನೀನು ಮನೆ ಹೆಸರು ಬರೆಸಲು ಕಚೇರಿಗೆ ಬಂದಿದ್ದೆಯಲ್ಲ, "ಮನೆ ಇಲ್ಲ, ಹೆಸರು ಉಳಿದದೆ, ಬರ್ಕೊಳ್ಳಿ" ಎಂದಿದ್ದೆ. ಅಂದೇ ನನಗೆ ತಿಳಿದಿತ್ತು, ಈ ಹೆಂಗಸಿನ ಮನಸ್ಸು ಆ ದ್ವೀಪದಲ್ಲೇ ಇದೆ, ಇಲ್ಲಿಗೆ ಬಂದಿರುವುದು ಕೈಕಾಲು ಮಾತ್ರ ಎಂದು. ತಿಳಿದೂ ಕಟ್ಟಿಕೊಂಡೆ. ಇರುವಷ್ಟಾದರೂ ಇರಲಿ ಎಂದುಕೊಂಡೆ. ವಾಫಿರ್ ಗೆದ್ದಿದ್ದರೆ ಅದೂ ಹೋಗುತ್ತಿತ್ತು.

ಊಟ ಮಾಡದೆ ಕಚೇರಿಗೆ ಹಿಂದಿರುಗಿದೆ. ತಲೆನೋವು ಎಂದೆ, ನೀನು ನಂಬಿದೆ. ಅದೇ ಹನ್ನೆರಡು ಹಾಳೆಗಳನ್ನು ಎದುರಿಗಿಟ್ಟುಕೊಂಡು ಬೀದಿಯ ಎರಡು ಮಗ್ಗುಲಿನ ಪಟ್ಟಿ ಬರೆದೆ. ಎರಡೂ ಸರಿಯಾದ ಪಟ್ಟಿಗಳೇ, ಎರಡರಲ್ಲೂ ಒಂದು ಮನೆಯೂ ತಪ್ಪಿಲ್ಲ. ಯಾವ ನ್ಯಾಯಾಲಯವೂ ನನ್ನನ್ನು ಹಿಡಿಯಲಾರದು. ನಿನ್ನ ತವರುಮನೆಯ ‘ಫಿನಿಫೆನ್ಮಾಗೆ’ ಎಂಬ ಹೆಸರನ್ನು ಬರೆಯುವಾಗ ಮಾತ್ರ ಲೇಖನಿ ಒಮ್ಮೆ ನಿಂತಿತು. ಆಮೇಲೆ ಬರೆಯಿತು. ಪಶ್ಚಿಮಕ್ಕೆ.

ಊರು ಹರಾಜಾಗಲಿ ಎಂದು ಬಯಸಿದವನಲ್ಲ ನಾನು. ನಿನ್ನ ಮಗುವಿನ ಮೇಲೆ ಆಣೆ... ಬೇಡ, ಅವಳ ಮೇಲೆ ಆಣೆ ಇಡುವ ಯೋಗ್ಯತೆ ನನಗಿಲ್ಲ. ಹೋಟೆಲು ಬರುತ್ತದೆ, ಬೇಲಿ ಬರುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು? ನಾನು ತಡೆದದ್ದು ನೀನು ಹೋಗುವುದನ್ನು ಮಾತ್ರ. ಒಬ್ಬಳು ಹೋಗಬಾರದೆಂದು ನೂರ ಹನ್ನೆರಡು ಮನೆಗಳವರ ಬಾಯಿ ಕಟ್ಟಿದೆ.

ವಾಫಿರನಿಗೆ ಗೊತ್ತೇ? ನೀನು ಹೇಳಿಲ್ಲ. ಹೇಳಿದ್ದರೆ ನಿನ್ನೆ ಅವನು ನನಗೆ ಮೀನು ತಂದುಕೊಡುತ್ತಿರಲಿಲ್ಲ, ಬೇಬೆ ಎನ್ನುತ್ತಿರಲಿಲ್ಲ. ಹೇಳು ಅವನಿಗೆ. ಅಥವಾ ನಾನೇ ಹೇಳುತ್ತೇನೆ, ಈಗಲೇ ಹೋಗುತ್ತೇನೆ...

ಬಯ್ದಾದರೂ ಬಿಡು, ಸಕೀನಾ. ಆ ನಾರನ್ನು ಕೆಳಗಿಡು. ಕೈ ಕೆಂಪಾಗಿದೆ ನೋಡು, ಸುಲಿದುಹೋಗುತ್ತಿದೆ. ಕೆಳಗಿಡು.

ಸಕೀನಾ ಕೆಳಗಿಡಲಿಲ್ಲ, ಹಗ್ಗವನ್ನು ಕೊನೆಯ ತನಕ ಹೊಸೆದು, ಸುತ್ತಿ, ಗೂಟಕ್ಕೆ ತೂಗುಹಾಕಿ ಎದ್ದುಹೋದಳು. ಸಂಜೆ ನಾನು ವಾಫಿರನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವನು ಕೇಳಿ, ಬಾಗಿಲು ಮುಚ್ಚಿದ. ನಾಲ್ಕನೆಯ ದಿನ ಆಕೆ ಅವನ ಸಂಸಾರದೊಡನೆ ಮಾಲೆಗೆ ಹೋದಳು. ಮಳೆಗಾಲ ಕಳೆದ ಮೇಲೆ ಕಚೇರಿಗೆ ಆಕೆಯ ಅರ್ಜಿ ಬಂತು: ನನ್ನ ಮನೆಯ ಹೆಸರಿನ ಕೆಳಗಿಂದ ತನ್ನ ಹೆಸರನ್ನು ತೆಗೆದು, ಮಾಲೆಯಲ್ಲಿ ಸ್ವಂತ ಮನೆಯಿಲ್ಲದವರ ದಫ್ತರಕ್ಕೆ ವರ್ಗಾಯಿಸಬೇಕೆಂದು. ಅದನ್ನು ಅಂದೇ ದಾಖಲಿಸಿ ಕಳುಹಿಸಿದೆ.