ಬಡ್ ಇನ್ನೂ ಓದಿರದ ಸುದ್ದಿ

ಈಗ ಹೊರಟಿರಾ? ರೇಡಿಯೋ ಗೋಪುರದ ಪಕ್ಕದಲ್ಲೇ ನಡೆದು ಹೋಗಬೇಕಲ್ಲ... ಹಾಗಾದರೆ ಇದನ್ನು ಕೇಳಿಕೊಂಡೇ ಹೋಗಿ. ಕತೆ ಕಟ್ಟುವ ಚಟ ನನಗಿಲ್ಲ. ನನ್ನ ಚಿಕ್ಕಪ್ಪನ ಮಗಳು ಡೋರೀನ್‌ಗೆ ಆದದ್ದು, ಅದೂ ಹಗಲು ಮೂರು ಗಂಟೆಗೆ. ದೆವ್ವಕ್ಕೆ ಕತ್ತಲೆಯೇ ಬೇಕು ಅಂತ ಯಾರು ಹೇಳಿದರು?

ಬಫಲೊ ಊರಿನ ಮಾತಿನ ರೇಡಿಯೋದಲ್ಲಿ ಅವಳ ಕೆಲಸ. ಜನ ಫೋನ್ ಮಾಡುತ್ತಾರೆ. ಅವಳು ಎತ್ತಿ, ಹೆಸರು ಕೇಳಿ, ಗಾಜಿನಾಚೆ ಕೂತ ಬಡ್ ಹ್ಯಾನ್ಲನ್‌ಗೆ ಕೊಡುತ್ತಾಳೆ. ಬಡ್ ಊರನ್ನೆಲ್ಲ ಬೈಯುತ್ತಾನೆ. ಕಾಗೆ ಬೆಳ್ಳಗಾದರೂ ಬಡ್ ನಿಜ ಹೇಳಲಾರ ಅಂತ ಊರೇ ನಗುತ್ತಿತ್ತು. ಅಲ್ಲಿ ಆಡಿದ ಮಾತು ಹೊರಗೆ ಕೇಳುವುದು ಏಳು ಸೆಕೆಂಡ್ ತಡವಾಗಿ. ಯಾರಾದರೂ ಹೊಲಸು ಮಾತಾಡಿದರೆ ಕತ್ತರಿಸಲು ಡೋರೀನ್‌ಳ ಮೇಜಿನ ಮೇಲೆ ಒಂದು ಗುಂಡಿ.

ಆ ದಿನ ಹಿಮದ ಬಿರುಗಾಳಿ. ಬೆಳಗ್ಗೆ ಕಾರಿನಲ್ಲಿ ಹೊರಟ ಅವಳ ಅಣ್ಣ ವಾಲ್ಟ್ ಮನೆ ಮುಟ್ಟಿರಲಿಲ್ಲ. ಆರನೇ ಲೈನಿನ ದೀಪ ಹತ್ತಿತು.

"ಡೋರೀನ್... ನಾನು ಕಣೇ."

"ವಾಲ್ಟ್! ಎಲ್ಲಿದೀಯೋ?"

"ಗೊತ್ತಿಲ್ಲ. ಎಲ್ಲಾ ಬಿಳಿ. ಪೊಲೀಸರು ಫೋನ್ ಎತ್ತುತ್ತಿಲ್ಲ..."

ಅವನ ದನಿಯ ಹಿಂದೆ ಕಾರಿನ ವೈಪರ್ ಸದ್ದು. ಕರ್ರ್... ಟಪ್. ಕರ್ರ್... ಟಪ್. ಜೊತೆಗೆ ಬಡ್‌ನ ದನಿ.

"ಮೊದಲು ರೇಡಿಯೋ ಸಣ್ಣ ಮಾಡೋ."

"ಬೆರಳು ಬಗ್ತಿಲ್ಲ ಕಣೇ."

ಫೋನಿನೊಳಗಿನ ಬಡ್‌ನ ದನಿಗೆ ಅವಳು ಕಿವಿಗೊಟ್ಟಳು. "...ವಾಲ್ಟರ್ ಗುರ್ಸ್ಕಿ, ನಲವತ್ತೊಂದು ವರ್ಷ. ಹಳೆ ಗೋಧಿ ಗೋದಾಮಿನ ಹಿಂದೆ, ರೈಲು ಸೇತುವೆ ಕೆಳಗೆ, ಕಾರಿನಲ್ಲಿ ಶವ..."

ಗಾಜಿನಾಚೆ ನೋಡಿದಳು. ಜಾಹೀರಾತು ಓಡುತ್ತಿತ್ತು. ಬಡ್ ಸ್ಯಾಂಡ್‌ವಿಚ್ ಅಗಿಯುತ್ತಿದ್ದ.

ಇನ್ನೊಂದು ಫೋನ್ ಹಿಡಿದು ಹಿಮ ತಳ್ಳುವ ಲಾರಿಯವರಿಗೆ ಜಾಗ ಹೇಳಿದಳು. ಬೇಡಿದಳು, ಬೈದಳು, ಅತ್ತಳು. ಮತ್ತೆ ಆರನೇ ಲೈನು.

"ಡೋರೀನ್... ಬಡ್ ನನ್ನ ಹೆಸರು ಹೇಳ್ತಿದಾನೆ. ನಾನು ಸತ್ತೆ ಅಂತಿದಾನೆ."

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಲೋ, ಬಡ್ ಯಾವತ್ತು ನಿಜ ಹೇಳಿದಾನೋ? ಬುರುಡೆ ದಾಸ ಅಂತ ನೀನೇ ಅಲ್ವೇನೋ ಅನ್ನೋದು?"

"ಹೌದಲ್ವಾ..." ಅವನೂ ನಕ್ಕ. "ಸುಳ್ ನನ್ಮಗ..."

ಕರ್ರ್...

ಟಪ್ ಬರಲಿಲ್ಲ.

ಅರ್ಧ ಗಂಟೆಗೆ ಲಾರಿ ಮುಟ್ಟಿತು. ಸೇತುವೆ ಕೆಳಗೇ ಇದ್ದ, ಉಸಿರಿರಲಿಲ್ಲ. ಕಂಕುಳು ಇನ್ನೂ ಬೆಚ್ಚಗಿತ್ತಂತೆ.

ನಾಲ್ಕೂ ಹತ್ತಕ್ಕೆ ಬಡ್‌ನ ಕೈಗೆ ಸುದ್ದಿಯ ಚೀಟಿ ಬಂತು. ಡೋರೀನ್ ಗಾಜು ಬಡಿದಳು. "ಓದ್ಬೇಡ ಬಡ್!" ಆ ಗಾಜಿನಾಚೆ ದನಿ ಹೋಗುವುದಿಲ್ಲ. ಅವನು ಓದಿದ. ಅವಳ ಹೆಡ್‌ಫೋನಿನಲ್ಲಿ ಅವೇ ಮಾತು, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಅವಳು ಗುಂಡಿ ಒತ್ತಿ ಹಿಡಿದಳು. ಊರಿಗೆ ಕೇಳದಿದ್ದರೆ ಅದು ಆಗಿಯೇ ಇಲ್ಲ ಅಂತ ಅವಳಿಗೆ ಅನಿಸಿತಂತೆ, ಪಾಪ. ಹಾಗಾಗಿ ಆ ಸುದ್ದಿ ಯಾವ ಮನೆಯ ರೇಡಿಯೋದಲ್ಲೂ ಬರಲೇ ಇಲ್ಲ.

ವಾಲ್ಟ್‌ನ ಕಾರು ಹಿಮ ಕರಗುವವರೆಗೆ ಚಿಕ್ಕಪ್ಪನ ಮನೆ ಹಿಂದೆ ನಿಂತಿತ್ತು. ರೇಡಿಯೋ ಇರಬೇಕಾದ ಕಡೆ ಬರೀ ತೂತು. ಹಿಂದಿನ ಬೇಸಿಗೆಯಲ್ಲೇ ಕಳ್ಳರು ಕಿತ್ತೊಯ್ದಿದ್ದರು. ಚಳಿಗಾಳಿ ನುಗ್ಗದಿರಲಿ ಅಂತ ವಾಲ್ಟ್ ಅದಕ್ಕೆ ಉಣ್ಣೆಯ ಕಾಲುಚೀಲ ತುರುಕಿದ್ದ. ನಂಬಿದರೆ ನಂಬಿ, ಬಿಟ್ಟರೆ ಬಿಡಿ... ಆ ಕಾಲುಚೀಲ ಎಳೆದು ನೋಡಿದವನು ನಾನೇ.