ಬ್ರೇಕ್ ಒತ್ತಿದ್ದೀನಿ ಅಣ್ಣ

…ಇಲ್ಲ ಅಣ್ಣ, ಬರ್ತಿಲ್ಲ. ನೀನೇ ನೋಡು, ಎಳೀತಾನೇ ಇದ್ದೀನಲ್ಲ. ಗೇರು ಪಾರ್ಕಿಂಗ್ ಬಿಟ್ಟು ಕೂದಲಷ್ಟೂ ಅಲ್ಲಾಡ್ತಿಲ್ಲ. ಏನು, ಕಣ್ಣಲ್ಲೇ ಕೇಳ್ತೀಯ? ಬ್ರೇಕಾ? ಒತ್ತಿದ್ದೀನಿ ಅಣ್ಣ. ಆಟೋಮ್ಯಾಟಿಕ್ ಗಾಡೀಲಿ ಬ್ರೇಕ್ ಒತ್ತದೆ ಗೇರು ಪಾರ್ಕಿಂಗಿಂದ ಬರಲ್ಲ ಅನ್ನೋದು ನನಗೆ ಗೊತ್ತಿಲ್ವಾ? ನೀನೇ ತಾನೆ ಹೇಳಿಕೊಟ್ಟಿದ್ದು. ಒತ್ತಿದ್ದೀನಿ. ಹಾಳಾದ್ದು ಬರ್ತಿಲ್ಲ.

ಸ್ವಲ್ಪ ತಡಿ. ಗೇರ್‌ಬಾಕ್ಸ್ ಕಾದಿರಬೇಕು. ಸೇತುವೆ ಹತ್ತೋವಾಗ ಎಂಜಿನ್ ಬೊಬ್ಬೆ ಹೊಡೀತು, ಗಾಡಿ ಮಾತ್ರ ಮುಂದಕ್ಕೆ ಹೋಗಲಿಲ್ಲ, ನೋಡಿದೆ ತಾನೆ? ಅದಕ್ಕೇ ಕೆಳಗಿಳಿದು ಈ ನೆರಳಲ್ಲಿ ನಿಲ್ಲಿಸಿದ್ದು. ನಿಲ್ಲಿಸಿದ್ದು ತಪ್ಪಾಯ್ತು ಅಂತೀಯಾ? ಅನ್ನಲ್ಲ. ನೀನು ಏನೂ ಅನ್ನಲ್ಲ. ಬೆಳಿಗ್ಗೆಯಿಂದ ಒಂದು ಮಾತಾಡಿಲ್ಲ.

ಇಳೀಬೇಕಾ? ನಿನ್ನ ಕಡೆ ಬಾಗಿಲು ತೆಗೆಯೋಕಾಗಲ್ಲ, ಕಂಬಕ್ಕೆ ಅಂಟಿಸಿ ನಿಲ್ಲಿಸಿಬಿಟ್ಟಿದ್ದೀನಿ. ನನ್ನ ಕಡೆ ತೆಗೆದ್ರೆ ಬಸ್ಸು ಬಂದು ಬಾಗಿಲು ಸಮೇತ ಎತ್ಕೊಂಡು ಹೋಗುತ್ತೆ. ಹಿಂದೆ ಆ ಬಿಳಿ ವ್ಯಾನು ಬಂದು ಮೂತಿ ಇಟ್ಟಿದೆ, ಅದರ ಡ್ರೈವರು ಎಲ್ಲಿ ಹೋಗಿದ್ದಾನೋ. ಚೆನ್ನಾಗಿ ಸಿಕ್ಕಿಹಾಕ್ಕೊಂಡ್ವಿ. ಕಿಟಕಿ ಇಳಿಸ್ಲಾ? ಬೇಡ್ವಾ? ಸರಿ, ಬೇಡ. ಧೂಳು ನಿನಗೆ ಆಗಲ್ಲ.

ಅಗೋ, ಅತ್ತಿಗೆ ಫೋನು. ಇಲ್ಲಿ ಕೊಡು, ನಾನೇ ಮಾತಾಡ್ತೀನಿ. ಹಲೋ ಅತ್ತಿಗೆ… ಹೂಂ, ದಾರೀಲಿದ್ದೀವಿ. ಗಾಡಿ ಸ್ವಲ್ಪ ಕೈ ಕೊಡ್ತು… ಏನಿಲ್ಲ, ಏನಿಲ್ಲ, ಗಾಬರಿ ಆಗಬೇಡಿ. ಅಣ್ಣ ಚೆನ್ನಾಗಿದ್ದಾನೆ, ಪಕ್ಕದಲ್ಲೇ ಕೂತಿದ್ದಾನೆ… ಕೌಂಟರ್ ಮುಚ್ಚೋದ್ರೊಳಗೆ ಬರ್ತೀವಿ. ನಾಳೆ ಬೆಳಿಗ್ಗೆ ತಾನೆ ಆಪರೇಷನ್ನು, ಇವತ್ತು ಬರೀ ಅಡ್ಮಿಟ್ ಆಗೋದಲ್ವಾ… ಡಾಕ್ಟರು ಕೇಳಿದ್ರಾ, ಕಿಡ್ನಿ ಕೊಡೋ ತಮ್ಮ ಎಲ್ಲಿ ಅಂತ? ಬರ್ತಿದ್ದಾನೆ ಅನ್ನಿ. ಅಯ್ಯೋ ಅತ್ತಿಗೆ, ಹಾಗೆಲ್ಲ ಅನ್ನಬೇಡಿ, ದೇವರಂತೆ, ದೇವರು… ಅಮ್ಮನಿಗೆ ಕೊಡಬೇಡಿ ಫೋನು. ಕೊಡಬೇಡಿ, ಅಳೋಕೆ ಶುರು ಮಾಡ್ತಾಳೆ. ಇಡ್ತೀನಿ.

ಕೇಳಿಸ್ತಾ? ನಾನು ದೇವರಂತೆ. ಯಾಕೆ ನಗ್ತೀಯ? ನಗಲಿಲ್ವಾ… ತುಟಿ ಅಲ್ಲಾಡಿದ ಹಾಗೆ ಕಾಣಿಸ್ತು.

ಗಾಡಿ ವಿಷಯಕ್ಕೆ ಬಾ. ಇದನ್ನು ತಗೊಂಡಾಗಲೇ ನಾನು ಹೇಳಿದ್ದೆ, ಆ ಹಲ್ಲಿನ ಡಾಕ್ಟರು ಮಾರ್ತಿರೋದ್ರಲ್ಲಿ ಏನೋ ಇದೆ ಅಂತ. ಅಷ್ಟು ಚೆಂದ ಇಟ್ಕೊಂಡಿರೋ ಗಾಡಿ, ಒಂದು ಗೀರಿಲ್ಲ, ಸೀಟಿನ ಮೇಲೆ ಟವಲ್ಲು, ಯಾಕಪ್ಪ ಮಾರ್ತಾನೆ? ನಿನಗೆ ಆಟೋಮ್ಯಾಟಿಕ್ಕೇ ಬೇಕಿತ್ತು. ಡಯಾಲಿಸಿಸ್ ಸೂಜಿಗೆ ಅಂತ ಎಡಗೈಯಲ್ಲಿ ನರ ಜೋಡಿಸಿದ ಮೇಲೆ ಆ ಕೈಲಿ ಗೇರು ಎಳೀಬೇಡಿ ಅಂದುಬಿಟ್ರು. ನೀನೋ, ಬೇರೆಯವರ ಗಾಡೀಲಿ ಆಸ್ಪತ್ರೆಗೆ ಹೋಗೋನಲ್ಲ. ನಾನೇ ಹೋಗಿ ನಾನೇ ಬರ್ತೀನಿ ಅಂದೆ. ಸರಿ, ತಗೊಂಡೆ. ಆ ಡಾಕ್ಟರು ಏನಂದ್ರು ನೆನಪಿದೆಯಾ? ಗೇರ್‌ಬಾಕ್ಸಿಗೆ ಹಾಕಿರೋ ಆಯಿಲ್ ಗಾಡಿ ಇರೋವರೆಗೂ ಇರುತ್ತೆ, ಬದಲಾಯಿಸೋದೇ ಬೇಡ. ಹಲ್ಲು ಕಿತ್ತಷ್ಟು ಸಲೀಸಾಗಿ ಹೇಳಿದ್ರು. ನಾವೂ ನಂಬಿದ್ವಿ.

ಒಂದು ತಿಂಗಳು ಆಗಿತ್ತೋ ಇಲ್ವೋ, ಡ್ರೈವಿಗೆ ಹಾಕಿದ್ರೆ ಧಡ್ ಅಂತ ಒದೆ. ರಿವರ್ಸಿಗೆ ಹಾಕಿದ್ರೆ ಯೋಚನೆ ಮಾಡಿ ಆಮೇಲೆ ಹೋಗ್ತಿತ್ತು, ನಮ್ಮ ಮಾವನ ಥರ. ನಿನ್ನನ್ನು ಕರ್ಕೊಂಡು ಗ್ಯಾರೇಜಿನ ಮೂಗು ಮೇಸ್ತ್ರಿ ಹತ್ರ ಹೋದೆ. ಆ ಮನುಷ್ಯ ಆಯಿಲ್ ಅಳೆಯೋ ಕಡ್ಡಿ ತೆಗೆದು ಮೂಸಿ ನೋಡಿ, ಸೀದುಹೋಗಿದೆ ಅಂದ. ಪೂರ್ತಿ ತೊಳೆದು ಹೊಸದು ಹಾಕು ಅಂದೆ ನಾನು. ಬೇಡ, ಇಷ್ಟು ಹಳೇ ಬಾಕ್ಸಿನ ಆಯಿಲ್ ಒಂದೇ ಸಲ ತೆಗೆದ್ರೆ ಗೇರು ಹಿಡಿಯೋದೇ ನಿಂತುಹೋಗುತ್ತೆ, ಸ್ವಲ್ಪ ತೆಗೆಯೋಣ, ಸ್ವಲ್ಪ ಹಾಕೋಣ, ಓಡಿಸಿ ಮತ್ತೆ ಬನ್ನಿ ಅಂದ. ನೀನು ಸ್ಟೂಲ್ ಮೇಲೆ ಕೂತು ನೋಡ್ತಾ ಇದ್ದೆ. ಕಪ್ಪು ಡಿಕಾಕ್ಷನ್ ಥರ ಇಳೀತಾ ಇತ್ತು. ಇದಕ್ಕೂ ಡಯಾಲಿಸಿಸ್ಸಾ ಅಂತ ಕೇಳ್ದೆ ನೀನು, ಮೇಸ್ತ್ರಿ ಗಾಡಿ ಕೆಳಗಿನ ಗುಂಡೀಲಿ ಬಿದ್ದುಬಿದ್ದು ನಕ್ಕ. ನಿನಗೆ ಆ ದಿನ ಖುಷಿಯಾಗಿತ್ತು. ನನಗೂ.

ಆಮೇಲೆ ಅದೇ ಮೇಸ್ತ್ರಿ ಹೇಳಿದ, ಇದು ಹೀಗೇ ಜಾಸ್ತಿ ದಿನ ಎಳೆಯಲ್ಲ, ಗುಜರಿ ಅಂಗಡೀಲಿ ಇದೇ ಮಾಡೆಲ್ಲಿನ ಗಾಡಿ ಒಂದಿದೆ, ಅದರ ಬಾಕ್ಸ್ ಬಿಚ್ಚಿ ಇದಕ್ಕೆ ಹಾಕಿದ್ರೆ… ಆಗ ನೀನು ಕೇಳಿದೆ, ಮತ್ತೆ ಆ ಗಾಡಿ ಏನಾಗುತ್ತೆ ಅಂತ. ನಾನು ಹೇಳ್ದೆ, ಅದೇನಾಗುತ್ತೆ, ಅಲ್ಲೇ ನಿಂತಿರುತ್ತೆ… ಬಿಡು. ಆ ಮಾತು ಯಾಕೆ ಈಗ. ಯಾಕೆ ಹಾಗೆ ನೋಡ್ತೀಯ? ನಾನು ಗಾಡಿ ವಿಷಯ ಹೇಳ್ತಿದ್ದೀನಿ ಅಣ್ಣ. ಬರೀ ಗಾಡಿ ವಿಷಯ.

ಇನ್ನೊಂದ್ಸಲ ನೋಡ್ತೀನಿ ಇರು. ಊಹೂಂ. ಜಪ್ಪಯ್ಯ ಅಂದ್ರೂ ಇಲ್ಲ.

ಮೇಸ್ತ್ರಿಗೆ ಫೋನ್ ಮಾಡ್ಲಾ? ಮಾಡಿದ್ರೆ ಬರ್ತಾನೆ, ಆದ್ರೆ ಅವನು ಬಂದು, ಬಿಚ್ಚಿ, ನೋಡಿ… ಕೌಂಟರ್ ಮುಚ್ಚಿರುತ್ತೆ. ನಾಳೆ ಆಪರೇಷನ್ ಮುಂದಕ್ಕೆ ಹೋಗುತ್ತೆ. ಹೋದ್ರೆ ಹೋಗಲಿ, ಏನು ಮಾಡೋಕಾಗುತ್ತೆ. ಗಾಡಿ ಕೆಟ್ಟರೆ ಯಾರ ತಪ್ಪು? ಆಟೋನಾ? ಆಟೋ ಸಿಗುತ್ತೆ ಬೇಕಾದ್ರೆ… ಈ ಸೇತುವೆ ಕೆಳಗೆ ಯಾರೂ ನಿಲ್ಲಿಸಲ್ಲ ಅಂತ ಕಾಣುತ್ತೆ. ಹೋಯ್ತಲ್ಲ ಒಂದು, ಖಾಲಿ… ಅದು ಖಾಲಿ ಇರಲಿಲ್ಲ ಅಣ್ಣ, ಒಳಗೆ ಯಾರೋ ಇದ್ರು. ಇದ್ರು ಅಂತೀನಲ್ಲ.

ನಿನಗೆ ಬೇಜಾರಾಗಿದೆ. ಆಗುತ್ತೆ. ವಾರಕ್ಕೆ ಇಷ್ಟು ಸಲ ಸೂಜಿ ಚುಚ್ಚಿಸ್ಕೊಂಡು ಬಂದು ಗೋಡೆ ಕಡೆ ಮುಖ ಮಾಡಿ ಮಲಗ್ತೀಯಲ್ಲ, ನಾನು ನೋಡಿಲ್ವಾ. ನೀರು ಅಳೆದು ಕುಡೀತೀಯ. ಬೇಸಿಗೇಲಿ ನನ್ನ ಮಗಳು ನಿನ್ನೆದುರಿಗೆ ಲೋಟ ಎತ್ತಿ ಗಟಗಟ ಕುಡಿದ್ರೆ ನಾನೇ ಅವಳನ್ನ ಒಳಗೆ ಕಳಿಸ್ತಿದ್ದೆ. ಅದಕ್ಕೇ ತಾನೆ ನಾನು ಕೊಡ್ತೀನಿ ಅಂದಿದ್ದು. ಯಾರೂ ಕೇಳಿರಲಿಲ್ಲ, ಕೇಳಿದ್ರಾ? ಎಲ್ಲರೂ ಊಟಕ್ಕೆ ಕೂತಿದ್ವಿ. ನಾನೇ ಬಾಯಿ ಬಿಟ್ಟೆ. ಬಿಟ್ಟಿದ್ದೇ ತಡ, ಅಮ್ಮ ಎದ್ದು ಬಂದು ನನ್ನ ತಲೆ ಹಿಡ್ಕೊಂಡು ಎದೆಗೆ ಒತ್ಕೊಂಡ್ಳು. ಹುಟ್ಟಿದಾಗಿನಿಂದ ಆ ಥರ ಒತ್ಕೊಂಡಿದ್ದು ನಿನ್ನನ್ನ ಮಾತ್ರ. ಅತ್ತಿಗೆ ಅತ್ರು. ಟೈಲ್ಸ್ ಅಂಗಡೀಲಿ ನಮ್ಮ ಮಾಲೀಕರು ಎಲ್ಲರನ್ನೂ ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ರು. ಇನ್ಮೇಲೆ ಭಾರ ಎತ್ತಬೇಡಪ್ಪ, ಕೂತ್ಕೊಂಡು ಬಿಲ್ ಬರಿ ಅಂದ್ರು. ಬೀದೀಲಿ ಗುರುತೇ ಇಲ್ಲದೋರು ನಿಲ್ಲಿಸಿ ಕೈ ಹಿಡೀತಾರೆ. ಇಷ್ಟು ಒಳ್ಳೆಯವನಾಗಿ ನನಗೆ ಅಭ್ಯಾಸ ಇಲ್ಲ. ಎತ್ತ ತಿರುಗಿದ್ರೂ ಯಾರೋ ಒಬ್ಬರು ಹೊಗಳೋಕೆ ನಿಂತಿರ್ತಾರೆ, ನುಸುಳಿಕೊಂಡು ಹೋಗೋಕೆ ಸಂದಿ ಇಲ್ಲ.

ಯಾಕೆ ಹಿಂದೆ ತಿರುಗಿ ನೋಡ್ತಿದ್ದೀಯ? ವ್ಯಾನಿನ ಡ್ರೈವರು ಬಂದನಾ?

ಬಂದಿಲ್ಲ. ಮತ್ತೆ ಏನು ನೋಡ್ತೀಯ, ಅದರ ಮೂತೀನಾ?

ಓ… ನಮ್ಮ ಬ್ರೇಕ್ ದೀಪ. ಈ ನೆರಳಲ್ಲಿ ಬಿಳೀ ವ್ಯಾನಿನ ಮೇಲೆ ಕೆಂಪಗೆ ಬೀಳಬೇಕಿತ್ತು, ಅಲ್ವಾ? ಬೀಳ್ತಿಲ್ಲ. ನೋಡಿದ್ಯಾ, ಅದೇ ತೊಂದರೆ, ಈಗ ಗೊತ್ತಾಯ್ತು. ಪೆಡಲ್ ಹತ್ರ ಸ್ವಿಚ್ ಇರುತ್ತಲ್ಲ, ಅದು ಹೋಗಿದೆ. ಅದು ಹೋದ್ರೆ ದೀಪಾನೂ ಇಲ್ಲ, ಗೇರಿನ ಲಾಕೂ ಬಿಡಲ್ಲ. ಬ್ರೇಕ್ ಒತ್ತಿದ್ದೀನಿ ಅಂತ ಗಾಡಿಗೆ ಗೊತ್ತೇ ಆಗ್ತಿಲ್ಲ ಪಾಪ. ಎಷ್ಟು ಒತ್ತಿದ್ರೂ ಅಷ್ಟೆ. ಏನು? ಹೋದ ವಾರ ಹೊಸ ಸ್ವಿಚ್ ಹಾಕಿಸಿದ್ದು ನೀನೇನಾ… ಬೆರಳು ನಿನ್ನ ಕಡೆ ತೋರಿಸ್ಕೋತೀಯ… ಇರಬಹುದು, ಹೊಸದೂ ಕೆಡುತ್ತೆ. ಈಗಿನ ಸಾಮಾನಿಗೆ ಏನು ಗ್ಯಾರಂಟಿ.

ಕೆಳಗೆ ಯಾಕೆ ನೋಡ್ತೀಯ? ಅಣ್ಣ. ಅಲ್ಲೇನಿದೆ, ನನ್ನ ಕಾಲಿದೆ. ಪೆಡಲ್ ಮೇಲೇ ಇದೆ. ಪಕ್ಕದಲ್ಲಿದೆ, ಈಗಷ್ಟೇ ತೆಗೆದೆ. ಜೋಮು ಹಿಡಿದಿತ್ತು… ಇಗೋ, ಮತ್ತೆ ಪೆಡಲ್ ಮೇಲಿಟ್ಟೆ. ಮೊಣಕಾಲ ಮೇಲೆ ಕೈ ಇಡಬೇಡ ಅಣ್ಣ. ಆ ಕೈ ಬೇಡ, ಸೂಜಿ ಕೈ ಅದು, ಅದಕ್ಕೆ ಭಾರ ಬಿಡಬಾರದು. ತೆಗಿ. ಒತ್ತಬೇಡ… ಒತ್ತಬೇಡ ಅಂದ್ನಲ್ಲ…

ಹೂಂ. ಟಕ್ ಅಂತು. ಕೇಳಿಸ್ತು.

ಕೆಂಪಾಯ್ತು ವ್ಯಾನು. ನೋಡಿದೆ.

ಗೇರು ಬರುತ್ತೆ, ಗೊತ್ತು. ಬೆರಳಲ್ಲಿ ಎಳೆದ್ರೂ ಬರುತ್ತೆ. ಅದಕ್ಕೇನೂ ಆಗಿಲ್ಲ. ಸೇತುವೆ ಮೇಲೂ ಏನೂ ಆಗಿರಲಿಲ್ಲ, ನಾನೇ ನ್ಯೂಟ್ರಲ್ ಮಾಡಿ ಆಕ್ಸಿಲರೇಟರ್ ಒತ್ತಿದೆ. ನಿನಗೆ ಆಗಲೇ ಗೊತ್ತಾಗಿತ್ತಾ? ಈ ಗಾಡಿ ಕೆಮ್ಮಿದ್ರೂ ಯಾಕೆ ಅಂತ ಗೊತ್ತಿರುತ್ತೆ ನಿನಗೆ. ಗೊತ್ತಿದ್ದೂ ಸುಮ್ಮನೆ ಕೂತಿದ್ದೆ. ಇಷ್ಟು ಹೊತ್ತೂ ನನ್ನ ಒದರಾಟ ಕೇಳ್ತಾ.

ಭಯ ಅಣ್ಣ.

ಸಾಯೋಕಲ್ಲ. ಸಾಯಲ್ಲ ಅಂದಿದ್ದಾರಲ್ಲ ಡಾಕ್ಟರು, ಒಂದಿದ್ರೂ ಮನುಷ್ಯ ಚೆನ್ನಾಗೇ ಬದುಕ್ತಾನೆ ಅಂತ. ನಂಬ್ತೀನಿ. ಹಗಲು ನಂಬ್ತೀನಿ. ಮಗಳು ಕೇಳಿದ್ಳು, ದೊಡ್ಡಪ್ಪನಿಗೆ ಕೊಟ್ಟುಬಿಟ್ರೆ, ಮುಂದೆ ನನಗೇ ಬೇಕಾದ್ರೆ ಏನು ಕೊಡ್ತೀಯಪ್ಪ ಅಂತ. ಜಡೆ ಹಾಕಿಸ್ಕೊಳ್ತಾ ಕೇಳಿದ್ಳು, ಸುಮ್ಮನೆ, ಪೆನ್ಸಿಲ್ ವಿಷಯ ಕೇಳೋ ಹಾಗೆ. ಜಡೆ ಹಾಕ್ತಿದ್ದ ನನ್ನ ಹೆಂಡತಿ ಕೈ ನಿಲ್ಲಿಸಿಬಿಟ್ಳು. ಆಣೆ ಮಾಡ್ತೀನಿ, ಅವಳು ಒಂದು ಮಾತೂ ಬೇಡ ಅಂದಿಲ್ಲ. ಅದೇ ಕಷ್ಟ, ಅಂದಿದ್ರೆ ಜಗಳ ಆಡಬಹುದಿತ್ತು.

ಆಸ್ಪತ್ರೇಲಿ ಒಂದು ದಿನ ನಿಮ್ಮೆಲ್ಲರನ್ನೂ ಹೊರಗೆ ಕಳಿಸಿ ಡಾಕ್ಟರಮ್ಮ ನನ್ನೊಬ್ಬನನ್ನೇ ಕೂರಿಸ್ಕೊಂಡ್ರಲ್ಲ, ನೆನಪಿದೆಯಾ? ಅವರು ಕೇಳಿದ್ದು ಅದೇ. ಮನಸ್ಸಿಲ್ಲ ಅಂದ್ರೆ ಈಗಲೇ ಹೇಳಿ, ಹೊಂದಲ್ಲ ಅಂತ ಮನೆಯವರಿಗೆ ನಾವೇ ಹೇಳ್ತೀವಿ, ನಿಮ್ಮ ಹೆಸರು ಹೊರಗೆ ಬರಲ್ಲ ಅಂತ. ಬಾಗಿಲು ತೆಗೆದಿಟ್ಟ ಹಾಗೆ. ನಾನು ಎದೆ ಉಬ್ಬಿಸ್ಕೊಂಡು, ಏನು ಮೇಡಂ, ಅವನು ನನ್ನ ಅಣ್ಣ ಅಂದೆ. ಹೊರಗೆ ಬಂದು ನಿನ್ನ ಪಕ್ಕ ಕೂತೆ. ನಿನಗೆ ಹೇಳಲಿಲ್ಲ. ಆವತ್ತಿಂದ ಯಾವಾಗ ಗಾಡಿ ಕೆಡುತ್ತೋ, ಯಾವಾಗ ಜ್ವರ ಬರುತ್ತೋ, ಡಾಕ್ಟರೇ ರಜ ಹಾಕ್ತಾರೇನೋ ಅಂತ ಕಾಯ್ತಾ ಇದ್ದೀನಿ. ಒಂದೂ ಆಗಲಿಲ್ಲ. ಹಾಳಾದ ಗೇರು ಇವತ್ತು ಬೆಣ್ಣೆ ಥರ ಬಿತ್ತು.

ಫೋನು… ಮತ್ತೆ ಅತ್ತಿಗೇನಾ? ಇಲ್ಲಿ ಕೊಡು. ಕೊಡು ಅಣ್ಣ, ನಾನು ಹೇಳ್ತೀನಿ, ಹೊರಟ್ವಿ ಅಂತ ಹೇಳ್ತೀನಿ. ನೀನು ಮಾತಾಡ್ತೀಯಾ…

…

ಏನಂದೆ? ಅತ್ತಿಗೆಗೆ ಏನಂದೆ ಈಗ ನೀನು? ಗೇರ್‌ಬಾಕ್ಸ್ ಹೋಗಿದೆ ಅಂದ್ಯಾ. ಇವತ್ತು ಬರೋಕಾಗಲ್ಲ, ಆಪರೇಷನ್ ಬೇಡ ಅಂತ ನನಗೇ ಅನ್ಸಿದೆ, ಅವನನ್ನ ಏನೂ ಕೇಳಬೇಡ ಅಂದ್ಯಾ. ನನಗೇ ಅಂತ… ನಿನಗೇ ಅಂತ ಯಾಕೆ ಹೇಳಿದೆ? ಅವರು ಅಲ್ಲಿ ಅಳ್ತಾ ಇದ್ರು, ನನಗೆ ಇಲ್ಲಿಗೇ ಕೇಳಿಸ್ತು. ತಿರುಗಿ ಫೋನ್ ಮಾಡು. ಯಾಕೆ ಆಫ್ ಮಾಡ್ದೆ ಅದನ್ನ?

ಅಣ್ಣ, ಬೈಯಿ ನನಗೆ. ಒಂದು ಸಲ ಬೈಯಿ, ಹೇಡಿ ಅನ್ನು, ಇನ್ನೊಂದು ಅನ್ನು. ಬೈದ್ರೆ ನೆಟ್ಟಗೆ ಆಸ್ಪತ್ರೆಗೆ ಓಡಿಸ್ತೀನಿ, ತಿರುಗಿ ನೋಡಲ್ಲ. ಅಥವಾ ಮನೆಗೆ ನಡಿ ಅನ್ನು, ಮನೆಗೆ ಹೋಗ್ತೀನಿ. ಯಾವುದಾದ್ರೂ ಒಂದು ಹೇಳು. ಸೀಟು ಯಾಕೆ ಹಿಂದಕ್ಕೆ ಬಾಗಿಸ್ತಿದ್ದೀಯ? ಕಣ್ಣು ಮುಚ್ಕೋಬೇಡ ಅಣ್ಣ.

ಸರಿ. ಹಾಕಿದ್ದೀನಿ, ಡ್ರೈವಿಗೆ. ಮುಂದೆ ರಸ್ತೆ ಖಾಲಿ ಇದೆ. ಎಡಕ್ಕೆ ಹೋದ್ರೆ ಆಸ್ಪತ್ರೆ, ಬಲಕ್ಕೆ ಸುತ್ತು ಹಾಕಿದ್ರೆ ಮನೆ. ಕಾಲು ಎತ್ತಿದ್ರೆ ಸಾಕು, ಇದು ತಾನೇ ಹೊರಡುತ್ತೆ… ಅಣ್ಣ, ಎತ್ತ?